ಹಾವಿನ ಹೊಟ್ಟೆ ನಮಗೆ ಅರ್ಥವಾಗುತ್ತ ಬಂದ ಬಗೆ

ಹಾವು ಆರು ತಿಂಗಳು ಉಪವಾಸವಿದ್ದರೂ ಏನೂ ಆಗುವುದಿಲ್ಲ ಎಂಬ ಮಾತು ಪುಣೆಯ ಹಾವು ಸಾಕುವವರ ನಡುವೆ ಈಗ ವೇದವಾಕ್ಯ. ಅದರ ಜೋಡಿ ಇನ್ನೊಂದಿದೆ: ನುಂಗಿದ ಇಲಿಯನ್ನು ಕಕ್ಕಿತೋ, ಮೊದಲು ಮೆಟ್ರೊನಿಡಜೋಲ್ ಮದ್ದು ಹಾಕು, ಆಮೇಲೆ ನೋಡೋಣ. ಮೊದಲನೆಯದು ಬೆಳೆದ ಬಾಲ್ ಪೈಥಾನ್ ಮಟ್ಟಿಗೆ ಅಷ್ಟಿಷ್ಟು ನಿಜ. ಎರಡನೆಯದು ಯಾವ ಹಾವಿಗೂ ಒಳ್ಳೆಯದಲ್ಲ. ಇಷ್ಟು ಕಾಲ ಇಷ್ಟು ಜನ ಕೂಡಿಸಿದ ತಿಳಿವಳಿಕೆ ಕೊನೆಗೆ ಈ ಎರಡು ಮಾತಿಗೆ ಇಳಿದಿರುವುದನ್ನು ಕಂಡು ಈ ಬರಹಕ್ಕೆ ಕೈ ಹಾಕಿದ್ದೇನೆ.

ಹಳೆಯ ಕಾಲವನ್ನು ಬೇಗ ದಾಟಬಹುದು. 1796ರಲ್ಲಿ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳ ಗ್ರಂಥ ತಂದ, 1872ರಲ್ಲಿ ಜೋಸೆಫ್ ಫೇರರ್ ವಿಷದ ಹಾವುಗಳ ಬಗ್ಗೆ ದೊಡ್ಡ ಚಿತ್ರಗ್ರಂಥ ತಂದ. ಇಬ್ಬರ ಗಮನವೂ ಹಾವಿನ ಬಾಯಿಯ ಮೇಲೆ, ಹೊಟ್ಟೆಯ ಮೇಲಲ್ಲ. ಹೊಟ್ಟೆಯನ್ನು ಸೀಳಿ ನೋಡಿದವನು ಸೇನೆಯ ವೈದ್ಯ ಫ್ರಾಂಕ್ ವಾಲ್. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಲೇಖನಮಾಲೆಯಲ್ಲಿ ಯಾವ ಹಾವಿನ ಹೊಟ್ಟೆಯಲ್ಲಿ ಕಪ್ಪೆ, ಯಾವುದರಲ್ಲಿ ಓತಿ, ಯಾವುದರಲ್ಲಿ ಇನ್ನೊಂದು ಹಾವು ಎಂಬ ವಿವರಗಳಿವೆ. ನಮ್ಮ ದೇಶದ ಹಾವುಗಳ ಆಹಾರದ ಬಗ್ಗೆ ಇವತ್ತಿಗೂ ನಾವು ಹೇಳುವುದರಲ್ಲಿ ಒಂದು ಪಾಲು ಅವನ ಸಾಲ. ಆದರೆ ಅವು ಸತ್ತ ಹಾವುಗಳು. ಬದುಕಿರುವ ಹಾವು ನುಂಗಿದ್ದನ್ನು ಹೇಗೆ ಅರಗಿಸುತ್ತದೆ, ಯಾಕೆ ಕಕ್ಕುತ್ತದೆ ಎಂಬುದು ಅವನ ಪ್ರಶ್ನೆಯೇ ಆಗಿರಲಿಲ್ಲ.

ಬದುಕಿರುವ ಹಾವನ್ನು ಇಟ್ಟುಕೊಂಡವರು ಎರಡೇ ವರ್ಗ, ಹಾವಾಡಿಗರು ಮತ್ತು ವಿಷ ತೆಗೆಯುವವರು. ಹಾವಾಡಿಗರ ಬುಟ್ಟಿಯ ಕಥೆ ಎಲ್ಲರಿಗೂ ಗೊತ್ತು. ನಾಗರಪಂಚಮಿಗೆ ಮೊದಲು ನೀರು ಕೊಡದೆ ಒಣಗಿಸಿದ ನಾಗರ ತಟ್ಟೆಯಲ್ಲಿ ಏನಿಟ್ಟರೂ ಹೀರುತ್ತದೆ, ಭಕ್ತರು ಹಾವು ಹಾಲು ಕುಡಿಯಿತು ಎಂದು ಕೈ ಮುಗಿಯುತ್ತಾರೆ. ಆ ಹಾಲು ಅರಗುವುದಿಲ್ಲ. ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಶ್ರಾವಣ ಕಳೆದ ಮೇಲೆ ಹಾವು ಹಿಡಿದು ಕಾಪಾಡುವ ಸರ್ಪಮಿತ್ರರ ಕೈಗೆ ಬರುತ್ತಿದ್ದ ನಾಗರಗಳ ಸ್ಥಿತಿ ಕಂಡವರು ಹಾಲಿನ ಮಾತೆತ್ತುವುದಿಲ್ಲ. ಇನ್ನು ವಿಷಕೇಂದ್ರಗಳಲ್ಲಿ ತಿನ್ನದ ಹಾವಿಗೆ ನಳಿಕೆ ಹಾಕಿ ತುರುಕುವ ರೂಢಿ ಜಗತ್ತಿನ ಹಲವೆಡೆ ಇತ್ತು. ತುರುಕಿದ್ದು ಮರುದಿನ ಹೊರಗೆ ಬರುತ್ತಿತ್ತು. ಮುಂಬೈಯ ಹಾಫ್‌ಕಿನ್ ಸಂಸ್ಥೆಯಲ್ಲಿದ್ದ ಪಿ. ಜೆ. ದೇವರಸ್ ಬರೆದ ಹಾವುಗಳ ಪುಸ್ತಕ ನಮ್ಮ ತಲೆಮಾರಿನ ಮೊದಲ ಪಠ್ಯ. ಅದರಲ್ಲೂ ವಿಷಕ್ಕೆ ಸಿಕ್ಕ ಜಾಗ ಕರುಳಿಗೆ ಸಿಗಲಿಲ್ಲ. ಹಾವು ಹಿಡಿಯುವ ಇರುಳರು 1978ರಲ್ಲಿ ಆರಂಭಿಸಿದ ಸಹಕಾರ ಸಂಘ, ಹಿಡಿದಿಟ್ಟ ಹಾವು ತಿನ್ನದ ತೊಡಕನ್ನು ಬುದ್ಧಿವಂತಿಕೆಯಿಂದ ದಾಟಿತು. ಹಿಡಿದ ಹಾವನ್ನು ಕೆಲವೇ ವಾರ ಇಟ್ಟುಕೊಂಡು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುವ ಪದ್ಧತಿ ಅದು. ವರ್ಷಗಟ್ಟಲೆ ಸಾಕುವ ಗೋಜೇ ಇಲ್ಲ.

ವರ್ಷಗಟ್ಟಲೆ ಸಾಕುವ ಗೋಜು ಹಾವಿನ ಉದ್ಯಾನಗಳ ಪಾಲಿಗೆ ಬಂತು. ರೋಮುಲಸ್ ವಿಟೇಕರ್ 1969ರಲ್ಲಿ ಮದ್ರಾಸಿನಲ್ಲಿ ಮೊದಲನೆಯದನ್ನು ಕಟ್ಟಿದರು. ಪುಣೆಯಲ್ಲಿ ಹಾವಿನ ಹುಚ್ಚು ಹಿಡಿಸಿದವರು ನೀಲಿಮ್‌ಕುಮಾರ್ ಖೈರೆ. 1980ರಲ್ಲಿ ಗಾಜಿನ ಕೋಣೆಯೊಳಗೆ 72 ಹಾವುಗಳ ಜೊತೆ 72 ಗಂಟೆ ಕುಳಿತು ಅವರು ಊರಿನ ಮಾತಾದರು, 1986ರಲ್ಲಿ ಕಾತ್ರಜ್‌ನಲ್ಲಿ ಸರ್ಪೋದ್ಯಾನ ತಲೆಯೆತ್ತಿತು. ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರರ ಹಾವುಗಳಿಗೂ ಅವರು ಕೈಪಿಡಿ ಬರೆದಿದ್ದಾರೆ. ಗುರುತು ಹಿಡಿಯುವ ಕೆಲಸದಲ್ಲಿ ಪುಣೆಯವರೇ ಆದ ಅಶೋಕ್ ಕ್ಯಾಪ್ಟನ್ 2004ರಲ್ಲಿ ವಿಟೇಕರ್ ಜೊತೆ ತಂದ ಕೈಪಿಡಿಗೆ ಇನ್ನೂ ಸಾಟಿ ಬಂದಿಲ್ಲ. ಹಾವು ಕಂಡೊಡನೆ ಹೆಸರು ಹೇಳುವ ಹುಡುಗರು ಈಗ ಓಣಿಗೊಬ್ಬರಿದ್ದಾರೆ. ಅದು ಏನು ತಿಂದಿದೆ, ಎಂದು ತಿಂದಿದೆ ಎಂದು ಕೇಳುವವರು ಕಡಿಮೆ.

ನಮ್ಮ ಕಾಲದವರು ಕಲಿತದ್ದು ಪುಸ್ತಕದಿಂದಲ್ಲ, ಪುಣೆಯ ಚಳಿಯಿಂದ. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹಾವಿಗೆ ಸ್ವಂತ ಬಿಸಿ ಇಲ್ಲ. ಸಂಜೆ ಇಲಿ ನುಂಗಿ ರಾತ್ರಿ ತಣ್ಣಗಾದ ಹಾವಿನ ಹೊಟ್ಟೆಯಲ್ಲಿ ರಸಗಳು ಕೆಲಸ ನಿಲ್ಲಿಸುತ್ತವೆ, ಇಲಿಯೊಳಗಿನ ಸೂಕ್ಷ್ಮಜೀವಿಗಳು ನಿಲ್ಲಿಸುವುದಿಲ್ಲ. ಇಲಿ ಕೊಳೆತು ಉಬ್ಬುತ್ತದೆ, ಹಾವು ಅದನ್ನು ಹೊರಹಾಕಿ ಜೀವ ಉಳಿಸಿಕೊಳ್ಳುತ್ತದೆ. ಇದನ್ನು ರೋಗ ಎಂದು ಕರೆಯುವುದೇ ತಪ್ಪು. ಆಗ ಥರ್ಮೋಸ್ಟಾಟ್ ಎಲ್ಲಿಯದು, ಪೆಟ್ಟಿಗೆಯ ಒಂದು ಮೂಲೆಗೆ ಬಲ್ಬು, ಇನ್ನೊಂದು ಮೂಲೆಗೆ ನೀರು. ಕರೆಂಟ್ ಹೋದ ರಾತ್ರಿಯ ಲೆಕ್ಕ ಎರಡು ಮೂರು ದಿನ ಬಿಟ್ಟು ಪೆಟ್ಟಿಗೆಯ ನೆಲದ ಮೇಲೆ ಕಾಣುತ್ತಿತ್ತು.

ಅಲ್ಲಿಂದ ಬಂದ ನಿಯಮಗಳು ಇವತ್ತಿಗೂ ನಿಂತಿವೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪನೆಯ ಇಲಿ ಬೇಡ. ನುಂಗಿದ ಮೇಲೆ ಕನಿಷ್ಠ ಎರಡು ದಿನ ಮುಟ್ಟುವುದು, ಎತ್ತುವುದು, ಅತಿಥಿಗಳಿಗೆ ತೋರಿಸುವುದು ಬೇಡ. ಹೆಬ್ಬಾವು ಆಡು ನುಂಗಿತೆಂದು ಊರೆಲ್ಲ ಸೇರಿ ಗದ್ದಲ ಮಾಡಿದರೆ ಅದು ಆಡನ್ನು ಕಕ್ಕಿ ಓಡಲು ನೋಡುತ್ತದೆ, ಪೆಟ್ಟಿಗೆಯ ಹಾವೂ ಹಾಗೆಯೇ. ಬಾಲ್ ಪೈಥಾನ್‌ಗೆ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು, ಅಡಗಲು ಕತ್ತಲ ಜಾಗ. ಒಮ್ಮೆ ಕಕ್ಕಿದರೆ ಎರಡು ವಾರ ಬರೀ ನೀರು. ಆಮೇಲೆ ಮಾಮೂಲಿನ ಅರ್ಧಕ್ಕಿಂತ ಚಿಕ್ಕ ಇಲಿ. ಮರುದಿನವೇ ಪಾಪ ಹಸಿದಿದೆ ಎಂದು ಇನ್ನೊಂದು ಇಲಿ ಕೊಡುವವರೇ ಹಾವನ್ನು ಕೊಲ್ಲುವವರು. ಎರಡನೆಯ ಸಲವೂ ಕಕ್ಕಿತೆಂದರೆ ಮಾತ್ರ ರೋಗದ ಮಾತು.

ನಾವು ಅನುಭವದಿಂದ ಹೇಳುತ್ತಿದ್ದುದಕ್ಕೆ ಕಾರಣ ಹೊರಗಿನಿಂದ ಬಂತು. ಹೆಬ್ಬಾವಿನ ಉಸಿರಾಟ ಅಳೆದ ಫ್ರಾನ್ಸಿಸ್ ಬೆನೆಡಿಕ್ಟ್‌ನ ಕೆಲಸ 1932ರದು. ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1998ರಲ್ಲಿ ಪ್ರಕಟಿಸಿದ ಲೇಖನ ಎಲ್ಲವನ್ನೂ ಬದಲಿಸಿತು. ಬರ್ಮಾ ಹೆಬ್ಬಾವು ಉಪವಾಸದಲ್ಲಿ ತನ್ನ ಕರುಳನ್ನು ಸೊರಗಿಸಿಕೊಂಡಿರುತ್ತದೆ, ಜಠರದಲ್ಲಿ ಆಮ್ಲವೇ ಇರುವುದಿಲ್ಲ. ನುಂಗಿದ ಒಂದೆರಡು ದಿನದಲ್ಲಿ ಸಣ್ಣಕರುಳಿನ ತೂಕ ಇಮ್ಮಡಿ, ಜಠರ ತೀವ್ರ ಆಮ್ಲಮಯ, ದೇಹ ಶಕ್ತಿ ಉರಿಸುವ ವೇಗ ಹತ್ತಾರು ಪಟ್ಟು. ಹೃದಯ ಸಹ 48 ಗಂಟೆಯಲ್ಲಿ ಶೇ 40ರಷ್ಟು ಬೆಳೆಯುತ್ತದೆ ಎಂದು 2005ರಲ್ಲಿ ಇನ್ನೊಂದು ತಂಡ ತೋರಿಸಿತು. ಇಷ್ಟೆಲ್ಲ ಕಟ್ಟಿಕೊಂಡ ಮೇಲೆ ಕಕ್ಕಿದ ಹಾವಿಗೆ ಆಗುವ ನಷ್ಟ ಎಷ್ಟು ಎಂಬುದು ಆಗ ಸ್ಪಷ್ಟವಾಯಿತು.

ಈ ಕೆಲಸದ ಮುಂದಿನ ಭಾಗವನ್ನು ಮಾತ್ರ ಯಾರೂ ಓದಲಿಲ್ಲ. ಕರುಳನ್ನು ಹೀಗೆ ಮಡಚಿಡುವುದು ಹೊಂಚು ಹಾಕಿ ಕೂರುವ, ಅಪರೂಪಕ್ಕೆ ತಿನ್ನುವ ಹಾವುಗಳು ಎಂದು ಸೀಕರ್ ಅವರೇ ಬೇರೆ ಬೇರೆ ಹಾವುಗಳನ್ನು ಹೋಲಿಸಿ ತೋರಿಸಿದರು. ಓಡಾಡಿ ಬೇಟೆಯಾಡುವ, ಪದೇ ಪದೇ ತಿನ್ನುವ ಹಾವುಗಳಲ್ಲಿ ಈ ಏರಿಳಿತ ತೀರ ಕಡಿಮೆ. ಅಂದರೆ ಹೆಬ್ಬಾವು, ಮಂಡಲದ ಹಾವುಗಳ ಲೆಕ್ಕ ಒಂದು, ಇಡೀ ದಿನ ಹೊಲ ಸುತ್ತುವ ಕೇರೆಯ ಲೆಕ್ಕ ಇನ್ನೊಂದು. ಆರು ತಿಂಗಳ ಉಪವಾಸದ ಮಾತು ಇಲ್ಲಿಯೇ ಬೀಳುತ್ತದೆ. ಮಲದ ವಿಷಯವೂ ಅಷ್ಟೆ. ಹಾರ್ವೆ ಲಿಲಿವೈಟ್ ಮತ್ತು ಸಂಗಡಿಗರು 2002ರಲ್ಲಿ ದಪ್ಪ ಮೈಯ ಮಂಡಲ ಜಾತಿಯ ಹಾವುಗಳು ಮಲವನ್ನು ತಿಂಗಳುಗಟ್ಟಲೆ, ಗ್ಯಾಬೂನ್ ವೈಪರ್ ವರ್ಷಕ್ಕೂ ಮೀರಿ, ಹಿಡಿದಿಟ್ಟುಕೊಳ್ಳುವುದನ್ನು ದಾಖಲಿಸಿದರು. ಸರ್ಪಮಿತ್ರರು ತಂದಿಟ್ಟ ಕೊಳಕುಮಂಡಲ, ಇಲ್ಲಿಯವರ ಘೋಣಸ, ನಾಲ್ಕು ವಾರ ಮಲ ಹಾಕಲಿಲ್ಲವೆಂದು ಎಣ್ಣೆ ಕುಡಿಸುವವರು ಇದನ್ನು ಓದಬೇಕಿತ್ತು.

ನಿಜವಾದ ರೋಗಗಳ ಚರಿತ್ರೆ ಬೇರೆ. ಹಾವಿನ ಕರುಳನ್ನು ತೂತು ಮಾಡುವ ಎಂಟಮೀಬಾ ಇನ್ವೇಡೆನ್ಸ್‌ಗೆ 1934ರಲ್ಲಿ ಹೆಸರು ಬಿತ್ತು. ಆಮೆಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆರಾಮವಾಗಿರುತ್ತವೆ, ಹಾವು ಸಾಯುತ್ತದೆ. ಕೆಂಪುಕಿವಿ ಆಮೆಯ ತೊಟ್ಟಿ ತೊಳೆದ ಕೈಯಲ್ಲೇ ಹಾವಿನ ನೀರಿನ ಬಟ್ಟಲು ತುಂಬುವ ಅಂಗಡಿಯಿಂದ ಹಾವು ಕೊಳ್ಳದಿರುವುದು ಲೇಸು. ಜಠರದ ಗೋಡೆಯನ್ನು ದಪ್ಪಗೆ ಮಾಡಿ, ನಡುಮೈ ಊದಿಸಿ, ಪ್ರತಿ ಊಟವನ್ನೂ ಕಕ್ಕಿಸುವ ಕ್ರಿಪ್ಟೊಸ್ಪೊರಿಡಿಯಂ 1977ರಲ್ಲಿ ಹಾವುಗಳಲ್ಲಿ ವರದಿಯಾಯಿತು. ಅದನ್ನು ಪೂರ್ತಿ ತೊಲಗಿಸುವ ಮದ್ದು ಇನ್ನೂ ಇಲ್ಲ, ಮಾಮೂಲಿ ಬ್ಲೀಚಿಗೂ ಅದು ಬಗ್ಗುವುದಿಲ್ಲ. ಒಂದು ಸಲದ ಮಲಪರೀಕ್ಷೆಯಲ್ಲಿ ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ. ಬೋವಾಗಳಲ್ಲಿ ಕಕ್ಕುವಿಕೆಯಿಂದ ಶುರುವಾಗಿ ನರಗಳಿಗೆ ಏರುವ ರೋಗದ ಹಿಂದೆ ಅರೀನಾವೈರಸ್ ಇರುವುದು 2012ರಲ್ಲಿ ತಿಳಿಯಿತು. ಇವಾವುದನ್ನೂ ಅಂದಾಜಿನ ಮೇಲೆ ಗುಣಪಡಿಸಲಾಗದು. ಹುಳುವಿಗೆ ಕೊಡುವ ಫೆನ್‌ಬೆಂಡಜೋಲ್ ಅಳತೆ ಮೀರಿದರೆ ಕರುಳಿನ ಒಳಪದರವನ್ನೇ ಸುಡುತ್ತದೆ.

ಈಗಿನದು ಬಣ್ಣದ ಹಾವುಗಳ ಕಾಲ. ನಮ್ಮ ನಾಡಿನ ಹಾವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಪುಣೆಯ ಕೊಥ್ರುಡ್, ವಾಕಡ್‌ಗಳ ಫ್ಲ್ಯಾಟುಗಳಲ್ಲಿ ಇರುವುದು ಆಫ್ರಿಕದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್. 2022ರ ತಿದ್ದುಪಡಿ, 2024ರ ನಿಯಮಗಳ ನಂತರ ಬಾಲ್ ಪೈಥಾನ್ ನೋಂದಣಿ ಕಡ್ಡಾಯ. ನೋಂದಣಿಗೆ ಹೆದರುವವರು ವೈದ್ಯರ ಬಳಿಯೂ ಬರುವುದಿಲ್ಲ ಎಂಬುದು ಕಾನೂನು ಬರೆದವರಿಗೆ ಹೊಳೆದಂತಿಲ್ಲ. ಬಂದರೂ ಎಷ್ಟು ಜನ ವೈದ್ಯರು? ಮುಂಬೈ ಪಶುವೈದ್ಯ ಕಾಲೇಜು 1886ರದು, ಪುಣೆಗೆ ಹತ್ತಿರದ ಶಿರವಳದ ಕಾಲೇಜು 1988ರದು. ಪದವಿಯ ವರ್ಷಗಳೆಲ್ಲ ಹಸು, ಎಮ್ಮೆ, ಕೋಳಿ, ನಾಯಿಗೆ ಹೋಗುತ್ತವೆ. ಮೇಡರ್ ಸಂಪಾದಿಸಿದ ಸರೀಸೃಪ ವೈದ್ಯದ ದೊಡ್ಡ ಗ್ರಂಥ 1996ರಿಂದ ಸಿಗುತ್ತಿದೆ, ಆಸಕ್ತಿಯಿದ್ದವರು ಸ್ವಂತ ದುಡ್ಡಿನಲ್ಲಿ ಕೊಂಡು ಕಲಿತಿದ್ದಾರೆ.

ಹಾವಿನ ಅರಗುವಿಕೆಯ ಬಗ್ಗೆ ನಮ್ಮ ಲೆಕ್ಕಗಳೆಲ್ಲ ಬರ್ಮಾ ಹೆಬ್ಬಾವಿನವು, ಅಮೆರಿಕದ ಹಾವಿನವು. 25 ಡಿಗ್ರಿಯಲ್ಲಿ ಒಂದು ಕೇರೆ ಒಂದು ಇಲಿಯನ್ನು ಎಷ್ಟು ದಿನದಲ್ಲಿ ಅರಗಿಸುತ್ತದೆ, ಮೀನು ತಿನ್ನುವ ನೀರೊಳ್ಳೆಗೆ ಹಸಿ ಮೀನನ್ನೇ ಕೊಟ್ಟರೆ ಥಯಮಿನ್ ಕೊರತೆ ಎಷ್ಟು ದಿನದಲ್ಲಿ ಕಾಣುತ್ತದೆ, ಹಿಡಿದು ಬೇರೆಡೆ ಬಿಟ್ಟ ನಾಗರ ಕಕ್ಕಿದ ಮೇಲೆ ಎಷ್ಟು ಬದುಕುತ್ತದೆ ಎಂಬುದನ್ನು ನಮ್ಮ ಹಾವುಮನೆಗಳ ಆಹಾರದ ರಿಜಿಸ್ಟರುಗಳು ಹೇಳಬಲ್ಲವು. ದೇಶದ ಪ್ರತಿ ಪ್ರಾಣಿಸಂಗ್ರಹಾಲಯವೂ ಅಂಥ ರಿಜಿಸ್ಟರು ಬರೆಯಲೇಬೇಕು. ಅವು ಕಪಾಟಿನಲ್ಲಿವೆ. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೆ ಎರಡು ವರ್ಷದ ಕೆಲಸ ಅದು, ವಿದೇಶದ ಯಂತ್ರ ಬೇಡ.

ಅಲ್ಲಿಯವರೆಗೆ ಹಾವು ಸಾಕಿರುವ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಒಂದು ನೋಟ್‌ಬುಕ್ ಇಡಿ. ಇಲಿ ಕೊಟ್ಟ ದಿನ, ಇಲಿಯ ತೂಕ, ಹಾವಿನ ತೂಕ, ಆ ರಾತ್ರಿಯ ಉಷ್ಣಾಂಶ, ಮಲ ಬಿದ್ದ ದಿನ, ಪೊರೆ ಬಿಟ್ಟ ದಿನ ಬರೆಯಿರಿ. ಕಕ್ಕಿದ್ದನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಒಯ್ಯಿರಿ. ಹಾವು ಸತ್ತರೆ ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದ ಅಂಗಾಂಶ ಸೂಕ್ಷ್ಮದರ್ಶಕಕ್ಕೆ ಕೆಲಸಕ್ಕೆ ಬಾರದು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಮರುದಿನವೇ ಮರಣೋತ್ತರ ಪರೀಕ್ಷೆಗೆ ಕೊಡಿ.