ರೂಪ ಮರಳಿತು, ಊರು ಬದಲಾಯಿತು

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿ ಮೋಟರ್‌ಸೈಕಲ್ಲುಗಳ ಅಭಿಮಾನಿಗಳಿಗೆ ಹಬ್ಬದ ದಿನ. ಮೈಸೂರು, ಬೆಂಗಳೂರುಗಳಲ್ಲಿ ಅಂದು ಬೆಳಗಾಗುತ್ತಲೇ ಹಳೆಯ ಬಂಡಿಗಳು ಮಿಂದು ಮಡಿಯುಟ್ಟವರಂತೆ ಹೊಳೆಯುತ್ತಾ ಸಾಲುಗಟ್ಟಿ ನಿಲ್ಲುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕೂಟಕ್ಕೆ ನಾನೂ ಹೋಗಿದ್ದೆ. ಆ ಸಾಲಿನ ಕೊನೆಯಲ್ಲಿ ಕಡುಗೆಂಪು ಬಣ್ಣದ ಹೊಸ ಜಾವಾ ಒಂದು ನಿಂತಿತ್ತು. ಅದರ ಒಡೆಯರು ಎಪ್ಪತ್ತರ ಹತ್ತಿರದ ಹಿರಿಯರು. ಮೂವತ್ತು ವರ್ಷ ಹಳೆಯ ಜಾವಾವನ್ನೇ ಓಡಿಸಿದವರು. ‘ಹಳೆಯದನ್ನು ಬಿಟ್ಟು ಇದನ್ನೇಕೆ ತಂದಿರಿ?’ ಎಂದು ಕೇಳಿದೆ. ಅವರು ಮಂಡಿ ತಟ್ಟಿಕೊಂಡು, ‘ಮೇಷ್ಟ್ರೇ, ಕಿಕ್ ಹೊಡೆಯೋದಕ್ಕೆ ಈ ಮಂಡಿ ಕೇಳೋದಿಲ್ಲ, ಬಿಡೋದಕ್ಕೆ ಮನಸ್ಸು ಕೇಳೋದಿಲ್ಲ’ ಎಂದು ನಕ್ಕರು.

ಮಾತು ಅಲ್ಲಿಗೆ ಮುಗಿಯಿತು. ಆದರೆ ಮಕ್ಕಳಿಗೆ ಮೂರು ದಶಕ ಇತಿಹಾಸ ಪಾಠ ಹೇಳಿದವನ ತಲೆಯಲ್ಲಿ ಅದು ಮುಗಿಯಲಿಲ್ಲ. ಆ ಹಿರಿಯರು ಕೊಂಡದ್ದು ಏನನ್ನು? ಹಳೆಯ ಬಂಡಿಯನ್ನೇ, ಅದರ ಚಿತ್ರವನ್ನೇ, ಅಥವಾ ತಮ್ಮ ಯೌವನವನ್ನೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಹೆಸರಿನ ಚರಿತ್ರೆಯನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಜಾವಾ ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ, 1929ರಲ್ಲಿ. ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟರು. ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಸಂಬಂಧವಿದೆಯೆಂದೇ ನಂಬಿದ್ದರು. ಎರಡನೆಯ ಮಹಾಯುದ್ಧದಲ್ಲಿ ನಾಟ್ಸಿಗಳು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಜಾವಾದ ಎಂಜಿನಿಯರುಗಳು ಗುಟ್ಟಾಗಿ ಹೊಸ ಮೋಟರ್‌ಸೈಕಲ್ಲೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ‘ಪೆರಾಕ್’ ಎಂಬ ಹೆಸರಿನಿಂದ ಬೆಳಕು ಕಂಡಿತು. ಆಕ್ರಮಣದ ದಿನಗಳಲ್ಲಿ ಪ್ರಾಗ್‌ನ ಜನ ಕಟ್ಟಿಕೊಂಡಿದ್ದ ಒಂದು ಕಥೆಯ ನಾಯಕನ ಹೆಸರು ಅದು: ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಮನೆಗಳ ಮೇಲಿಂದ ಹಾರಿಹೋಗುತ್ತಿದ್ದನೆಂದು ಹೇಳುವ ನಿಗೂಢ ಮನುಷ್ಯ.

ಈ ಬಂಡಿಯನ್ನು ನಮ್ಮ ಊರಿಗೆ ತಂದವರು ಪಾರ್ಸಿ ಸಮುದಾಯದ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ್ದ ಕಾಲವದು. ಹೊರಗಿನಿಂದ ತರುವಂತಿಲ್ಲವೆಂದರೆ ಇಲ್ಲಿಯೇ ಮಾಡಬೇಕು. ಹಾಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಬಂಡಿಯ ಟ್ಯಾಂಕಿನ ಮೇಲಿನ ಹೆಸರು ‘ಯೆಜ್ಡಿ’ಯಾಯಿತು. ಇರಾನಿಗಳ ಪೂರ್ವಜರ ನಾಡಾದ ಇರಾನಿನ ಯಜ್ದ್ ಪಟ್ಟಣದಿಂದ ಆ ಹೆಸರು ಬಂತೆಂದು ಕೆಲವರೂ, ‘ಸವಾರಿ ಮಾಡು’ ಎಂಬರ್ಥದ ಚೆಕ್ ಮಾತಿನಿಂದ ಬಂತೆಂದು ಕೆಲವರೂ ಹೇಳುತ್ತಾರೆ. 1978ರಲ್ಲಿ ಬಂದ ರೋಡ್‌ಕಿಂಗ್ ಅಂತೂ ಅಂದಿನ ಕಾಲೇಜು ಹುಡುಗರ ಕನಸಾಗಿತ್ತು. ನಮ್ಮ ಮೈಸೂರು ಹೊರಗಿನವರಿಗೆ ಅರಮನೆ, ರೇಷ್ಮೆ ಸೀರೆ, ಮಲ್ಲಿಗೆಗಳ ಊರು. ನಮಗೆ ಮಾತ್ರ ಅದು ಜಾವಾದ ಊರೂ ಹೌದು. ನೆರೆಮನೆಯವರು, ಸೋದರಮಾವ, ಸಹಪಾಠಿಯ ತಂದೆ, ಹೀಗೆ ಯಾರಾದರೊಬ್ಬರು ಆ ಕಾರ್ಖಾನೆಗೆ ಹೋಗುತ್ತಿದ್ದರು.

ಆ ಬಂಡಿಯ ವಿಶೇಷವೇನೆಂದು ಇಂದಿನ ಓದುಗರು ಕೇಳಬಹುದು. ಎಂಜಿನ್ 250 ಸಿಸಿಯದು, ಟೂ ಸ್ಟ್ರೋಕ್. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಹಿಂದಿನಿಂದ ನೋಡಿದರೆ ಅವಳಿ ಎಂಜಿನ್ನಿನ ಗತ್ತು. ಎಡಗಾಲಿನ ಬಳಿಯಿದ್ದ ಒಂದೇ ಸಲಾಕೆ ಗೇರೂ ಹೌದು, ಕಿಕ್ಕರೂ ಹೌದು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಬಂಡಿ ಚಾಲೂ ಆದ ಮೇಲೆ ಕೆಳಕ್ಕೆ ಮಲಗಿಸಿದರೆ ಗೇರು. ಗೇರು ಒತ್ತುತ್ತಿದ್ದಂತೆ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆಯೂ ಇತ್ತು. ಕ್ಲಚ್ ತಂತಿ ಹರಿದರೂ ಸವಾರ ಹೇಗೋ ಊರು ಸೇರಬಹುದಾಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು, ಏಕೆಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಜಿಡ್ಡು ದೊರೆಯುವುದು ಆ ಇಂಧನದ ಮೂಲಕವೇ. ಸುಟ್ಟ ಆ ಎಣ್ಣೆಯೇ ಹಿಂದೆ ನೀಲಿ ಹೊಗೆಯಾಗಿ ಹೊರಡುತ್ತಿತ್ತು.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 1985ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೆಕೆಂಡ್ ಹ್ಯಾಂಡ್ ಯೆಜ್ಡಿಯೊಂದನ್ನು ಕೊಂಡಿದ್ದೆ. ಪ್ರತಿದಿನ ಶಾಲೆಗೆ ಹೋಗಿಬರಲು ನಲವತ್ತು ಕಿಲೋಮೀಟರ್. ಒಮ್ಮೆ ಪರೀಕ್ಷೆಯ ದಿನ ಅವಸರದಲ್ಲಿ ಎಣ್ಣೆ ಹಾಕಿಸುವುದನ್ನೇ ಮರೆತು ಬರಿಯ ಪೆಟ್ರೋಲ್ ತುಂಬಿಸಿಕೊಂಡು ಹೊರಟೆ. ಹತ್ತು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರ ಸೆಟೆದು ನಿಂತಿತು. ಬೀಳದೆ ಉಳಿದದ್ದು ಹಿರಿಯರ ಪುಣ್ಯ. ಪ್ರಶ್ನೆಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು, ಕಬ್ಬಿನ ಲಾರಿಯೊಂದನ್ನು ಹತ್ತಿ ಶಾಲೆ ಮುಟ್ಟಿದೆ. ಸಂಜೆ ಬಂದು ನೋಡಿದರೆ, ಹಳ್ಳಿಯ ಸೈಕಲ್ ಶಾಪಿನವನು ಬಂಡಿಯನ್ನು ತಳ್ಳಿಕೊಂಡು ಹೋಗಿ ತನ್ನ ಅಂಗಡಿಯ ನೆರಳಿನಲ್ಲಿ ನಿಲ್ಲಿಸಿದ್ದ. ತಪ್ಪು ನನ್ನದು, ದಂಡವೂ ನನ್ನದೇ. ಆದರೆ ಆ ದಿನದಿಂದ ಬಂಡಿಯ ಒಡಲೊಳಗೆ ಏನು ನಡೆಯುತ್ತದೆಂದು ನನಗೆ ತಿಳಿಯಿತು; ಸೈಕಲ್ ಶಾಪಿನವನ ಹೆಸರೂ ತಿಳಿಯಿತು.

ನನ್ನ ಬಂಡಿ ಮನೆಗೆ ಬಂದ ಆ ಹೊತ್ತಿಗಾಗಲೇ ಕಾಲ ಮಗ್ಗುಲು ಬದಲಿಸುತ್ತಿತ್ತು. 1984ರಿಂದ 1986ರ ನಡುವೆ ಜಪಾನಿನ ಸುಜುಕಿ, ಹೋಂಡಾ, ಯಮಹಾ, ಕವಾಸಕಿಗಳು ಇಲ್ಲಿನ ಕಂಪನಿಗಳ ಜೊತೆಗೂಡಿ 100 ಸಿಸಿಯ ಹಗುರ ಬಂಡಿಗಳನ್ನು ತಂದವು. ಸಂಬಳದ ಮೇಲೆ ಬದುಕುವವನು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳದೆ ಇರಲಾರ. ಆ ಪ್ರಶ್ನೆಯ ಮುಂದೆ ಯೆಜ್ಡಿ ತಲೆತಗ್ಗಿಸಬೇಕಾಯಿತು. ಕಾರ್ಮಿಕ ವಿವಾದಗಳು, ಕುಸಿದ ಮಾರಾಟ, ಹೊಗೆಯ ಮೇಲೆ ಬಿಗಿಯಾದ ಕಾನೂನು, ಎಲ್ಲವೂ ಸೇರಿ 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮುಂದೆ ಕಂಪನಿ ಸಮಾಪನದ ಪ್ರಕ್ರಿಯೆಗೆ ಒಳಪಟ್ಟಿತು. ಬಿಡಿಭಾಗಗಳಿಗೆ ಅಲೆದು ಅಲೆದು ಸಾಕಾಗಿ, 1998ರಲ್ಲಿ ನಾನೂ ನನ್ನ ಯೆಜ್ಡಿಯನ್ನು ಕೊಟ್ಟುಬಿಟ್ಟೆ. ಕೊಂಡವನು ಓಡಿಸಲು ಕೊಳ್ಳಲಿಲ್ಲ, ಬಿಚ್ಚಲು ಕೊಂಡ. ಅದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಕಸಿವಿಸಿ.

ಸತ್ತ ಹೆಸರೊಂದು ಮತ್ತೆ ಹುಟ್ಟುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಬಾನೆವಿಲ್ 1959ರಲ್ಲಿ ಬಂದು ಜಗತ್ಪ್ರಸಿದ್ಧವಾಯಿತು. ಅದನ್ನು ಕಟ್ಟುತ್ತಿದ್ದ ಮೆರಿಡೆನ್ನಿನ ಕಾರ್ಖಾನೆ 1983ರಲ್ಲಿ ಮುಚ್ಚಿತು. ಮನೆ ಕಟ್ಟುವ ಉದ್ಯಮದಲ್ಲಿದ್ದ ಜಾನ್ ಬ್ಲೂರ್ ಎಂಬುವರು ಆ ಹೆಸರನ್ನು ಕೊಂಡು, ಹಿಂಕ್ಲಿ ಎಂಬಲ್ಲಿ ಹೊಸ ಕಾರ್ಖಾನೆ ಕಟ್ಟಿದರು. 2001ರ ಹೊತ್ತಿಗೆ ಬಾನೆವಿಲ್ ಹಳೆಯ ಚಹರೆಯಲ್ಲೇ ಮರಳಿತು. ಇಲ್ಲೊಂದು ಸ್ವಾರಸ್ಯವಿದೆ. ಕೆಲವು ವರ್ಷಗಳ ತರುವಾಯ ಹೊಗೆಯ ನಿಯಮಗಳಿಗಾಗಿ ಕಾರ್ಬ್ಯುರೇಟರನ್ನು ತೆಗೆದು ಫ್ಯೂಯೆಲ್ ಇಂಜೆಕ್ಷನ್ ಅಳವಡಿಸಬೇಕಾಯಿತು. ಆಗ ಆ ಹೊಸ ಭಾಗಕ್ಕೆ ಕಾರ್ಬ್ಯುರೇಟರಿನ ವೇಷವನ್ನೇ ತೊಡಿಸಿದರು! ಕೆಲಸ ಹೊಸದು, ಮುಖ ಹಳೆಯದು. ಇಂದು ಆ ಬಾನೆವಿಲ್‌ಗಳಲ್ಲಿ ಬಹುಪಾಲು ತಯಾರಾಗುವುದು ಇಂಗ್ಲೆಂಡಿನಲ್ಲಲ್ಲ, ಥಾಯ್ಲೆಂಡಿನಲ್ಲಿ.

ರಾಯಲ್ ಎನ್‌ಫೀಲ್ಡ್ ಕಥೆ ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನಲ್ಲಿ ಮೂಲ ಕಂಪನಿ 1970ರ ವೇಳೆಗೆ ಅಳಿಯಿತು. 1955ರಲ್ಲಿ ಮದ್ರಾಸಿನಲ್ಲಿ ನೆಟ್ಟ ಸಸಿ ಮಾತ್ರ ಉಳಿಯಿತು. ಬುಲೆಟ್ ತಯಾರಿಕೆ ನಿಲ್ಲಲೇ ಇಲ್ಲ. 2009ರಲ್ಲಿ ಬಂದ ಕ್ಲಾಸಿಕ್ ಹಳೆಯ ಚಹರೆಗೆ ಹೊಸ ಎಂಜಿನ್ ಕೊಟ್ಟು, ಹಳೆಯ ರೂಪಕ್ಕೆ ನಮ್ಮ ದೇಶದಲ್ಲಿ ಎಷ್ಟು ದೊಡ್ಡ ಮಾರುಕಟ್ಟೆಯಿದೆ ಎಂಬುದನ್ನು ತೋರಿಸಿಕೊಟ್ಟಿತು.

ಅದನ್ನು ಕಂಡೇ ಇರಬೇಕು, ಮಹೀಂದ್ರಾ ಸಮೂಹದ ಬೆಂಬಲದಿಂದ ಹುಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರ್ 15ರಂದು ಜಾವಾವನ್ನು ಮರಳಿ ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರು ಅದರ ಸ್ಥಾಪಕರಲ್ಲೊಬ್ಬರು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಆ ಹೆಸರಿನ ಹಕ್ಕಿನ ಪ್ರಶ್ನೆ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಮುಚ್ಚಿದ ಕಾರ್ಖಾನೆಯೊಂದರ ಆಸ್ತಿಯಲ್ಲಿ ಕಟ್ಟಡ, ಯಂತ್ರಗಳಿಗಿಂತ ಬೆಲೆಯುಳ್ಳದ್ದು ಕೆಲವು ಅಕ್ಷರಗಳೇ ಆಗಬಹುದೆಂದು ಯಾರು ಎಣಿಸಿದ್ದರು?

ಹೊಸ ಜಾವಾವನ್ನು ಒಮ್ಮೆ ಸುತ್ತು ಹಾಕಿ ನೋಡಿ. ಗುಂಡು ದೀಪ, ಮೊಟ್ಟೆಯಾಕಾರದ ಟ್ಯಾಂಕು, ಕ್ರೋಮಿಯಂ ಹೊಳಪು, ಚಿನ್ನದ ಬಣ್ಣದ ಗೆರೆ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್, ಎಲ್ಲವೂ ಅಲ್ಲಿವೆ. ಒಳಗೆ ಮಾತ್ರ 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಆರು ಗೇರು. ಎಂಜಿನ್ನನ್ನು ತಂಪಾಗಿಡುವುದು ಮುಂದಿನ ರೇಡಿಯೇಟರಿನ ನೀರು. ಆದರೂ ಗಾಳಿಯಿಂದ ತಣಿಯುತ್ತಿದ್ದ ಕಾಲದ ಆ ಲೋಹದ ಪದರಗಳನ್ನು ನೋಟಕ್ಕೆಂದು ಉಳಿಸಿದ್ದಾರೆ. ಎಣ್ಣೆ ಬೆರೆಸುವ ಗೊಡವೆಯಿಲ್ಲ. ನೀಲಿ ಹೊಗೆಯಿಲ್ಲ. ಗುಂಡಿ ಒತ್ತಿದರೆ ಚಾಲೂ. ಹಳೆಯ ಡ್ರಮ್ ಬ್ರೇಕಿನ ಬದಲು ಮುಂದೆ ಡಿಸ್ಕ್ ಬ್ರೇಕು, ಜೊತೆಗೆ ಚಕ್ರ ಸೆಟೆಯದಂತೆ ತಡೆಯುವ ಎಬಿಎಸ್.

ಅಂದ ಮೇಲೆ ಹಳೆಯ ಸವಾರರನ್ನು ಸೆಳೆಯುವುದು ಹಳೆಯ ಯಂತ್ರವಲ್ಲ, ಹಳೆಯ ಆಕಾರ. ಕೆಲವು ಗೆಳೆಯರು ಇದನ್ನು ಹಗಲುವೇಷವೆಂದು ಜರೆಯುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹೊಗೆ ಊರಿಗೆ ಒಳ್ಳೆಯದಲ್ಲ, ಸೆಟೆದ ಚಕ್ರ ಸವಾರನಿಗೆ ಒಳ್ಳೆಯದಲ್ಲ. ಅರವತ್ತು ದಾಟಿದವನಿಗೆ ಬೇಕಾದದ್ದು ಹಿಡಿದಾಗ ನಿಲ್ಲುವ ಬ್ರೇಕು, ನೋಯದ ಮಂಡಿ. ಇವುಗಳ ಜೊತೆಗೆ ಕಣ್ಣಿಗೆ ಪರಿಚಿತವಾದ ಒಂದು ಮುಖವೂ ದೊರೆತರೆ ಅದರಲ್ಲಿ ಮೋಸವೇನಿದೆ? ಹಂಚಿನ ಮನೆಯಲ್ಲಿ ಬೆಳೆದವನು ಆರ್‌ಸಿಸಿ ಮನೆ ಕಟ್ಟಿಸಿ, ಮುಂದಿನ ಜಗಲಿಗೆ ಎರಡು ಮರದ ಕಂಬ ನಿಲ್ಲಿಸಿಕೊಳ್ಳುವುದಿಲ್ಲವೇ?

ಆದರೆ ಇತಿಹಾಸದ ಮೇಷ್ಟ್ರು ಒಂದು ಮಾತನ್ನು ದಾಖಲಿಸಲೇಬೇಕು. ಮರಳಿ ಬಂದದ್ದು ರೂಪ ಮತ್ತು ಹೆಸರು. ಕಾರ್ಖಾನೆ ಮರಳಲಿಲ್ಲ. ಈ ಹೊಸ ಜಾವಾ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ನಮ್ಮ ಬೀದಿಯಲ್ಲಿ ಐಡಿಯಲ್ ಜಾವಾದಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಗೆಳೆಯರೊಬ್ಬರು ಹೊಸ ಬಂಡಿ ತಂದ ದಿನ ಅವರನ್ನೂ ಕರೆದೆವು. ಅವರು ಎಲ್ಲರಂತೆ ಟ್ಯಾಂಕನ್ನು ನೋಡಲಿಲ್ಲ. ಮೆಲ್ಲನೆ ಕುಕ್ಕರಗಾಲಿನಲ್ಲಿ ಕುಳಿತು, ಸೈಲೆನ್ಸರ್ ಬಗ್ಗುವ ಜಾಗವನ್ನೂ ಬೆಸುಗೆಯ ಅಂಚನ್ನೂ ಬೆರಳಿನಿಂದ ಸವರಿ ನೋಡಿದರು. ‘ಕೆಲಸ ಚೆನ್ನಾಗಿ ಮಾಡಿದ್ದಾರೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಎಲ್ಲಿಯ ಹುಡುಗರೋ’ ಎಂದರು. ಅದರಲ್ಲಿ ದೂರಿರಲಿಲ್ಲ. ತಮ್ಮ ಕೈ ಮುಟ್ಟಬೇಕಾಗಿದ್ದ ಜಾಗವನ್ನು ಇನ್ಯಾರೋ ಕಾಣದ ಹುಡುಗರ ಕೈ ಮುಟ್ಟಿದೆ ಎಂಬ ಅರಿವಿತ್ತು. ಅವರಂಥವರ ಕೌಶಲವನ್ನು ಯಾವ ಪ್ರದರ್ಶನದಲ್ಲಿಯೂ ನಿಲ್ಲಿಸಿಲ್ಲ, ಯಾವ ಪಠ್ಯಪುಸ್ತಕದಲ್ಲಿಯೂ ನಾನದನ್ನು ಕಂಡಿಲ್ಲ. ಬಲ್ಲವರು ಬದುಕಿರುವಾಗಲೇ ಕೂತು ಕೇಳಿ ಬರೆದಿಡುವುದೊಂದೇ ದಾರಿ. ಈಗ ವಾರಕ್ಕೊಂದು ಸಂಜೆ ಅವರ ಮನೆಯ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದೇನೆ.

ಅಂದು ಗೆಳೆಯರು ಬಲವಂತ ಮಾಡಿ ನನ್ನ ಕೈಗೂ ಬೀಗದ ಕೈ ಕೊಟ್ಟರು. ಕುಳಿತೆ. ಎದುರಿಗೆ ಗುಂಡು ದೀಪ, ತೊಡೆಗಳ ನಡುವೆ ಅದೇ ಟ್ಯಾಂಕು. ಸ್ಟಾರ್ಟ್ ಮಾಡುವ ಗುಂಡಿ ಬಲಗೈಯ ಬಳಿಯೇ ಇದ್ದರೂ, ನನ್ನ ಎಡಗಾಲು ತಾನಾಗಿಯೇ ಮೇಲೆದ್ದು ಗೇರಿನ ಸಲಾಕೆಯನ್ನು ಒಳಕ್ಕೆ ಒತ್ತಲು ಹೋಯಿತು. ಅದು ಮಿಸುಕಲಿಲ್ಲ. ನಿಂತಿದ್ದವರೆಲ್ಲ ನಕ್ಕರು, ಕಾರ್ಖಾನೆಯ ಹಿರಿಯರು ಎಲ್ಲರಿಗಿಂತ ಜೋರಾಗಿ ನಕ್ಕರು. ‘ಕಾಲು ಮರೆತಿಲ್ಲ ನೋಡಿ, ಮೇಷ್ಟ್ರೇ’ ಎಂದರು.