ಬಾಡಿಗೆ ರೂಮಿಗೆ ಗ್ಯಾಸ್: ಗಡಿಯಾಚೆ ಹೋಗುವವರು ತಿಳಿದಿರಲಿ

ಬೀದರ್, ಕಲಬುರಗಿ ಗಡಿಯಾಚೆಯ ಉಮರ್ಗಾ, ನಿಲಂಗಾ, ಉದ್ಗೀರ್‌ಗಳಲ್ಲಿ ಪೈಪ್ ಗ್ಯಾಸ್ ಇಲ್ಲದ ಬಾಡಿಗೆ ರೂಮು ಹಿಡಿದವರಿಗೆ ಸಿಲಿಂಡರೇ ಗತಿ. ಊರಲ್ಲಿ ಕನೆಕ್ಷನ್ ಇದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ ಪಡೆಯಿರಿ. ಹಳೇ ಠೇವಣಿ ವಾಪಸ್ ಬರುತ್ತದೆ. ಹೊಸ ಊರಲ್ಲಿ ಈಗಿನ ದರ ಕಟ್ಟಬೇಕು. ಸ್ಟವ್ ನಿಮ್ಮದೇ, ಒಯ್ಯಬಹುದು.

ವಿಳಾಸದ ದಾಖಲೆ ಇಲ್ಲದ ಹುಡುಗರಿಗೆ 5 ಕೆ.ಜಿ. ಸಿಲಿಂಡರ್ ಇದೆ, ಗುರುತಿನ ಚೀಟಿ ಸಾಕು. ಸಬ್ಸಿಡಿ ಇಲ್ಲ, ಕೆ.ಜಿ. ಲೆಕ್ಕದಲ್ಲಿ ದುಬಾರಿಯೇ. ಹಾಗಂತ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸಿಕೊಡುವವರ ಬಳಿ ಹೋಗಬೇಡಿ. ಅದು ಕಾನೂನುಬಾಹಿರ, ಜೀವಕ್ಕೂ ಕುತ್ತು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅಡುಗೆಯೂ ನಿದ್ದೆಯೂ ಒಂದೇ ಕೋಣೆಯಲ್ಲಾದರೆ ಚಾಪೆ ಹಾಸಿ ಮಲಗಿದವರಿಗೇ ಮೊದಲ ಅಪಾಯ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿಯೇ ಮಲಗಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.