‘ಆಮ್ನಾಯ’ವೆಂಬ ಪದದ ಹಿನ್ನೆಲೆ

ನೂತನ ಜಿನಬಿಂಬದ ಪೀಠದ ಮೇಲೆ ‘ಮೂಲಸಂಘ, ಕುಂದಕುಂದಾಮ್ನಾಯ’ ಎಂದು ಕೆತ್ತಿಸುವ ಸಂಪ್ರದಾಯ ದಿಗಂಬರ ಜೈನರಲ್ಲಿ ಪ್ರಚಲಿತವಾಗಿದೆ. ಆಮ್ನಾಯವೆಂದರೆ ಗುರುಪರಂಪರೆ ಎಂದೇ ಶ್ರಾವಕರು ತಿಳಿಯುತ್ತಾರೆ. ಅದು ಸರಿಯೂ ಹೌದು. ಅಭ್ಯಾಸವೆಂಬ ಅರ್ಥದ ‘ಮ್ನಾ’ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಬಾಯಿಪಾಠವೆಂಬ ಅರ್ಥವೂ ಉಂಟೆಂಬುದನ್ನು ಮಾತ್ರ ಬಲ್ಲವರು ವಿರಳ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಗಣಿಸಿ, ಅದರ ಐದು ಭೇದಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ ಮತ್ತು ಧರ್ಮೋಪದೇಶ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವುಗಳ ಅರ್ಥವನ್ನು ವಿಶದಪಡಿಸಿದ್ದಾರೆ. ಇಂದು ಕನ್ನಡದಲ್ಲಿ ವಾಚನವೆಂದರೆ ಓದುವುದು. ಪೂಜ್ಯಪಾದರ ದೃಷ್ಟಿಯಲ್ಲಿ ಅದು ನಿರ್ದೋಷವಾದ ಗ್ರಂಥವನ್ನೂ ಅದರ ಅರ್ಥವನ್ನೂ ಮತ್ತೊಬ್ಬರಿಗೆ ನೀಡುವುದು, ಅಂದರೆ ಒಂದು ದಾನ. ಸಂಶಯ ನಿವಾರಣೆಗಾಗಿ ಕೇಳುವುದು ಪೃಚ್ಛನಾ. ತಿಳಿದ ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅನುಪ್ರೇಕ್ಷಾ. ಉಚ್ಚಾರಣಶುದ್ಧಿಯಿಂದ ಪಾಠವನ್ನು ಪುನಃ ಪುನಃ ಹೇಳುವುದು ಆಮ್ನಾಯ. ಧರ್ಮಕಥೆ ಮೊದಲಾದವನ್ನು ಹೇಳುವುದು ಧರ್ಮೋಪದೇಶ.

ಈ ಕ್ರಮವು ಗಮನಾರ್ಹವಾಗಿದೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದಲ್ಲಿ ಪುನರಾವೃತ್ತಿಗೆ ‘ಪರಿಯಟ್ಟಣಾ’ ಎಂಬ ಹೆಸರಿದ್ದು, ಅದು ಅನುಪ್ರೇಕ್ಷೆಗಿಂತ ಮೊದಲು, ಮೂರನೆಯದಾಗಿ ಬರುತ್ತದೆ. ಉಮಾಸ್ವಾಮಿಗಳಲ್ಲಿ ಚಿಂತನೆ ಮೊದಲು, ಕಂಠಪಾಠ ಅನಂತರ. ಕ್ರಮ ಯಾವುದಾದರೂ ಎರಡು ಸಂಪ್ರದಾಯಗಳೂ ಇವೆರಡನ್ನೂ ಒಂದರ ಪಕ್ಕದಲ್ಲೊಂದು ಇರಿಸಿವೆ. ಬಾಯಿಯ ಪಾಠಕ್ಕೆ ಮನಸ್ಸಿನ ಸಂಗವಿರಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದರ ಮಹತ್ತ್ವವನ್ನು ಷಟ್ಖಂಡಾಗಮದ ಅವತಾರಕಥೆಯು ತೋರಿಸಿಕೊಡುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತವು ವಿಚ್ಛಿನ್ನವಾದೀತೆಂಬ ಭಯದಿಂದ ದಕ್ಷಿಣಾಪಥದ ಆಚಾರ್ಯರಿಗೆ ಲೇಖವನ್ನು ಕಳುಹಿಸಿದರು. ಅಲ್ಲಿಂದ ಬಂದ ಇಬ್ಬರು ಮುನಿಗಳ ಪರೀಕ್ಷೆಗಾಗಿ ಎರಡು ವಿದ್ಯೆಗಳನ್ನು ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಸಾಧನೆಯ ಫಲವಾಗಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳು ಹಲ್ಲುಬ್ಬಿದವಳು, ಮತ್ತೊಬ್ಬಳು ಒಕ್ಕಣ್ಣಿನವಳು! ದೇವತೆಗಳಿಗೆ ವಿಕಾರವಿಲ್ಲವೆಂದು ವಿಚಾರಿಸಿದ ಮುನಿಗಳು, ದೋಷವು ಮಂತ್ರದಲ್ಲಿದೆಯೆಂದು ಅರಿತು, ವ್ಯಾಕರಣದ ಬಲದಿಂದ ಅಕ್ಷರಗಳನ್ನು ತಿದ್ದಿ ಪುನಃ ಜಪಿಸಿದರು. ದೇವತೆಗಳು ಸಹಜರೂಪದಲ್ಲಿ ಗೋಚರಿಸಿದರು. ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸುವವರಾಗಿದ್ದರೆ ಅವರಿಗೆ ಶ್ರುತವು ದೊರೆಯುತ್ತಿರಲಿಲ್ಲ. ಅವರೇ ಪುಷ್ಪದಂತ ಮತ್ತು ಭೂತಬಲಿಗಳು. ಪುಷ್ಪದಂತರು ಮುಂದೆ ನಮ್ಮ ವನವಾಸಿ ನಾಡಿಗೆ ಬಂದು ಸೂತ್ರರಚನೆಯನ್ನು ಆರಂಭಿಸಿದರು. ಭೂತಬಲಿಗಳು ದ್ರವಿಡದೇಶದಲ್ಲಿ ಅದನ್ನು ಪೂರ್ಣಗೊಳಿಸಿದರು. ಈ ಶ್ರುತಾವತಾರದ ನೆನಪೇ ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿ.

ಬಾಯಿಪಾಠವಾಗಿದ್ದ ಶ್ರುತವು ಹೀಗೆ ಬರಹಕ್ಕೆ ಇಳಿಯಿತು. ವೀರಸೇನಾಚಾರ್ಯರು ಅದಕ್ಕೆ ಧವಲಾ ಟೀಕೆಯನ್ನು ರಚಿಸಿದರು. ಅದರ ಹಳಗನ್ನಡ ಲಿಪಿಯ ತಾಳೆಯೋಲೆಗಳನ್ನು ಮೂಡುಬಿದಿರೆಯ ಗುರುಬಸದಿಯು ಶತಮಾನಗಳ ಕಾಲ ಕಾಪಾಡಿತು. ಈ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೂ ದೀರ್ಘಕಾಲ ಆ ಗ್ರಂಥಗಳಿಗೆ ದರ್ಶನ, ಪೂಜೆಗಳು ಸಂದವೇ ಹೊರತು ವಾಚನ, ಪೃಚ್ಛನಗಳು ಸಲ್ಲಲಿಲ್ಲ. ಪ್ರತಿಗಳು ಹೊರಬಂದು, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳು ಅಚ್ಚಾದ ಮೇಲೆಯೇ ಧವಲೆಯು ಎಲ್ಲರ ಅಧ್ಯಯನಕ್ಕೆ ಸುಲಭವಾಯಿತು.

ಧರಸೇನಾಚಾರ್ಯರಿಗೆ ಪಾಠವು ನಷ್ಟವಾದೀತೆಂಬ ಭಯವಿತ್ತು. ಇಂದು ಪಾಠವು ಅಚ್ಚಿನಲ್ಲಿ ಸುರಕ್ಷಿತವಾಗಿದೆ. ಕೇಳುವವರು, ಕೇಳಿದ್ದನ್ನು ಚಿಂತಿಸುವವರು ಇಲ್ಲವಾದಾರೆಂಬುದೇ ಭಯ. ಭಕ್ತಾಮರವನ್ನು ಮಕ್ಕಳು ನಿರರ್ಗಳವಾಗಿ ಹೇಳುವುದು ಸಂತೋಷದ ಸಂಗತಿಯೇ. ಅದರ ಅರ್ಥವನ್ನು ಅವರು ಕೇಳಿದಾಗ ಉತ್ತರಿಸುವ ಹಿರಿಯರೂ ಮನೆಯಲ್ಲಿರಬೇಕು. ಬಿಂಬಪ್ರತಿಷ್ಠೆಯು ಪಂಚಕಲ್ಯಾಣದಿಂದ ಪೂರ್ಣವಾಗುತ್ತದೆ. ಪೀಠದ ಮೇಲಿನ ಆಮ್ನಾಯವೆಂಬ ಮಾತು ಸಾರ್ಥಕವಾಗಬೇಕಾದರೆ, ಉತ್ಸವ ಮುಗಿದ ಮರುದಿನ ಸಂಜೆಯೂ ಬಸದಿಯ ಮಂಟಪದಲ್ಲಿ ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಪ್ರಶ್ನಿಸಬೇಕು. ಶ್ರುತದೇವತೆಗೆ ಸಲ್ಲುವ ನಿತ್ಯಪೂಜೆ ಅದೇ ಆಗಿದೆ.